ಮೀನಿನ ನೀರು, ಗಿಡದ ಕಂಬ



ಮೀನು ಸಾಕಿದ ತೊಟ್ಟಿಯ ನೀರನ್ನು ಕಂಬದೊಳಗೆ ಇಳಿಬಿಟ್ಟು, ಆ ಕಂಬದ ಮೈಮೇಲೆ ಸೊಪ್ಪು ಬೆಳೆಯುವ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಆಡೋಣ. ಇದಕ್ಕೆ ಅಕ್ವಾಪೋನಿಕ್ಸ್ ಅಂತ ಹೆಸರು. ಹಿತ್ತಿಲು ಇಲ್ಲದವರು, ನೀರಿಗೆ ಕಷ್ಟಪಡುವವರು ಇದರ ಬಗ್ಗೆ ವಿಚಾರಿಸುತ್ತಾರೆ. ಅವರು ಮೊದಲು ಕೇಳುವ ಪ್ರಶ್ನೆ, "ಕಂಬಕ್ಕೆ ಎಷ್ಟು ಖರ್ಚಾಗುತ್ತೆ ಸ್ವಾಮಿ?" ಅಂತ. ಅದು ಎರಡನೆಯ ಪ್ರಶ್ನೆ ಆಗಬೇಕು. ಮೊದಲನೆಯದು ಯಾವುದು ಎಂಬುದನ್ನು ಈ ವಿದ್ಯೆ ನಡೆದುಬಂದ ದಾರಿಯೇ ಹೇಳುತ್ತದೆ.

ಮೀನಿರುವ ನೀರಿನಲ್ಲಿ ಸಾರ ಉಂಟು ಎಂಬುದನ್ನು ಹಿಂದಿನವರು ಬಲ್ಲರು. ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವುದು ನಮ್ಮಲ್ಲಿ ಎಷ್ಟು ಹಳೆಯ ಪದ್ಧತಿ! ಉತ್ತರ ಕನ್ನಡದ ಅಘನಾಶಿನಿ ಹೊಳೆಯ ದಡದ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ ಮತ್ತು ಮೀನು. ಚೀನಾ ದೇಶದ ಚಿಂಗ್‌ಟಿಯನ್ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಮಿಗಿಲಾಗಿ ಭತ್ತದ ಗದ್ದೆಯಲ್ಲೇ ಗೆಂಡೆ ಮೀನು ಸಾಕುತ್ತಾ ಬಂದಿದ್ದಾರೆ. ಮೆಕ್ಸಿಕೋ ದೇಶದಲ್ಲಿ ಕಾಲುವೆಯ ತಳದ ಕೆಸರನ್ನು ಎತ್ತಿ ನಡುನೀರಿನ ಪಾತಿಗಳ ಮೇಲೆ ಸುರಿದು ತರಕಾರಿ ಬೆಳೆಯುತ್ತಿದ್ದರು. ಆ ಪಾತಿಗಳಿಗೆ ಚಿನಾಂಪ ಎಂದು ಹೆಸರು. ಇವರೆಲ್ಲರಿಗೂ ಫಲ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

ಕಾರಣ ಸಿಕ್ಕಿದ್ದು ಒಂದು ಗಾಜಿನ ಕೊಳವೆಯಲ್ಲಿ. 1877ರಲ್ಲಿ ಫ್ರಾನ್ಸ್ ದೇಶದ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ಇಬ್ಬರು ಪಂಡಿತರು ಸುಮಾರು ಒಂದು ಮೀಟರ್ ಉದ್ದದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದರು. ಅದರೊಳಗೆ ಸುಟ್ಟು ಶುದ್ಧಮಾಡಿದ ಮರಳು, ಜೊತೆಗೆ ಸ್ವಲ್ಪ ಸುಣ್ಣಕಲ್ಲಿನ ಪುಡಿ ತುಂಬಿದರು. ಮೇಲಿನಿಂದ ಪಟ್ಟಣದ ಕೊಳಚೆ ನೀರನ್ನು ನಿಧಾನವಾಗಿ ಬಿಟ್ಟು, ಕೆಳಗೆ ಬಂದ ನೀರನ್ನು ಪರೀಕ್ಷೆ ಮಾಡಿದರು. ಸುಮಾರು ಇಪ್ಪತ್ತು ದಿವಸ ಏನೂ ಬದಲಾಗಲಿಲ್ಲ. ಮೇಲೆ ಹಾಕಿದ ಅಮೋನಿಯಾ ಕೆಳಗೂ ಹಾಗೇ ಬರುತ್ತಿತ್ತು. ಆಮೇಲೆ ಅಮೋನಿಯಾ ಕಡಿಮೆಯಾಗುತ್ತಾ ಹೋಗಿ, ಅದರ ಬದಲು ನೈಟ್ರೇಟ್, ಅಂದರೆ ಗಿಡ ಉಣ್ಣುವ ಸಾರಜನಕದ ಲವಣ, ಇಳಿಯತೊಡಗಿತು.

ಇದು ಬರೀ ಮರಳಿನ ಗುಣವೋ, ಜೀವದ ಕೆಲಸವೋ? ಅದನ್ನು ತಿಳಿಯಲು ಕೊಳವೆಯೊಳಗೆ ಕ್ಲೋರೋಫಾರಂ ಹಾಯಿಸಿದರು. ಕೂಡಲೇ ನೈಟ್ರೇಟ್ ನಿಂತುಹೋಯಿತು. ಕ್ಲೋರೋಫಾರಂ ತೆಗೆದರೂ ಕೆಲಸ ಶುರುವಾಗಲಿಲ್ಲ. ಆಗ ಒಳ್ಳೆಯ ಮಣ್ಣನ್ನು ಕದಡಿದ ನೀರನ್ನು ಸ್ವಲ್ಪ ಹೊಯ್ದರು. ಕೆಲವು ದಿನಗಳಲ್ಲಿ ನೈಟ್ರೇಟ್ ಮತ್ತೆ ಬಂತು. ಅಲ್ಲಿಗೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಈ ಕೆಲಸ ಮಾಡುತ್ತವೆ ಎಂದು ಖಚಿತವಾಯಿತು. 1890ರ ಸುಮಾರಿಗೆ ರಷ್ಯಾ ದೇಶದ ವಿನೊಗ್ರಾಡ್‌ಸ್ಕಿ ಎಂಬುವರು ಇವುಗಳಲ್ಲಿ ಎರಡು ಪಂಗಡ ಇರುವುದನ್ನು ತೋರಿಸಿದರು. ಒಂದು ಪಂಗಡ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾವೂ ನೈಟ್ರೈಟೂ ಮೀನಿಗೆ ವಿಷ. ನೈಟ್ರೇಟು ಗಿಡಕ್ಕೆ ಊಟ.

ಆ ಗಾಜಿನ ಕೊಳವೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಮ್ಮ ಗಿಡದ ಕಂಬದ ಮೂಲಪುರುಷ ಅದೇ.

ಮುಂದಿನ ಹೆಜ್ಜೆ ಮಣ್ಣಿಲ್ಲದ ಬೇಸಾಯ. ಅಮೆರಿಕಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ ಎಂಬುವರು 1929ರ ಸುಮಾರಿನಿಂದ ತೊಟ್ಟಿಗಳಲ್ಲಿ ಗೊಬ್ಬರ ಕರಗಿಸಿದ ನೀರಿನ ಮೇಲೆ ಟೊಮ್ಯಾಟೊ ಬೆಳೆದು ತೋರಿಸಿದರು. ಜನ ಬೆರಗಾದರು. ಆದರೆ ತೊಟ್ಟಿ, ಲವಣ, ಮೇಲ್ವಿಚಾರಣೆ ಎಲ್ಲಕ್ಕೂ ದುಡ್ಡು ಬೇಕು. ಬಡವನಿಗೆ ಇದು ಎಟುಕುವ ಹಾಗೆ ಮಾಡಬೇಕು ಎಂದು ಹೊರಟವರಲ್ಲಿ ಡಗ್ಲಸ್ ಎಂಬುವರು ಒಬ್ಬರು. 1946ರಲ್ಲಿ ಅವರು ಬಂಗಾಳದ ಕಾಲಿಂಪಾಂಗ್‌ನಲ್ಲಿ ಪ್ರಯೋಗ ಆರಂಭಿಸಿದರು. ಜಲ್ಲಿ, ಮರಳು, ಊರಿನಲ್ಲೇ ಸಿಗುವ ಸಾಮಾನು, ಇಷ್ಟರಲ್ಲೇ ಕೆಲಸ ಸಾಗಬೇಕು ಎಂಬುದು ಅವರ ಹಟ. 1951ರಲ್ಲಿ ಅವರ ಪುಸ್ತಕ ಅಚ್ಚಾಗಿ, ಈ ಕ್ರಮಕ್ಕೆ ಬಂಗಾಳ ಪದ್ಧತಿ ಎಂದೇ ಹೆಸರಾಯಿತು.

ತೋಟವನ್ನು ಎದ್ದುನಿಲ್ಲಿಸುವ ಆಲೋಚನೆಯೂ ಆ ಕಾಲದ್ದೇ. 1938ರಲ್ಲಿ ಅಮೆರಿಕಾದ ಇಲಿನಾಯ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಹಾರ್ಟ್ ವೈಟ್ ಎಂಬ ಉಪಾಧ್ಯಾಯರು ಗಿಡ ಹೊರುವ ಗೋಡೆಗೆ ಪೇಟೆಂಟ್ ಪಡೆದರು. ಅಡಿಕೆ ಮರಕ್ಕೆ ವೀಳ್ಯದೆಲೆ, ಮೆಣಸಿನ ಬಳ್ಳಿ ಹಬ್ಬಿಸುವ ನಮ್ಮ ತೋಟಿಗರಿಗೆ ಮೇಲಕ್ಕೆ ಬೆಳೆಯುವುದೇನೂ ವಿಚಿತ್ರವಲ್ಲ. ಬುಡ ನೆಲದಲ್ಲಿ ಇರದೆ ಕಂಬದಲ್ಲೇ ಇರುವುದು ಮಾತ್ರ ಹೊಸದು.

ಇನ್ನು ಮೀನನ್ನೂ ಗಿಡವನ್ನೂ ಜೋಡಿಸಿದವರ ಮಾತು. 1969ರಲ್ಲಿ ಅಮೆರಿಕಾದಲ್ಲಿ ನ್ಯೂ ಆಲ್ಕೆಮಿ ಎಂಬ ಸಂಸ್ಥೆ ಹುಟ್ಟಿತು. ಅಲ್ಲಿನವರು ಗಾಜಿನ ಮನೆಯೊಳಗೆ ಮೀನಿನ ತೊಟ್ಟಿ ಇಟ್ಟು, ಅದರ ನೀರನ್ನು ತರಕಾರಿಗೆ ಹಾಯಿಸಿದರು. 1980ರ ದಶಕದಲ್ಲಿ ಉತ್ತರ ಕೆರೊಲಿನಾದಲ್ಲಿ ಮ್ಯಾಕ್‌ಮರ್ಟ್ರಿ ಎಂಬುವರು ಮೀನಿನ ನೀರನ್ನು ಮರಳಿನ ಪಾತಿಗೆ ಬಿಟ್ಟು, ಸೋಸಿ ಬಂದ ನೀರನ್ನು ಮತ್ತೆ ತೊಟ್ಟಿಗೇ ಸೇರಿಸಿದರು. ನೀರು ಹೊರಗೆ ಹೋಗದೆ ಸುತ್ತುತ್ತಲೇ ಇರುವ ಕ್ರಮ ಇದು. ಅದೇ ಸುಮಾರಿಗೆ, ಸಿಹಿನೀರಿಗೆ ತತ್ವಾರವಿದ್ದ ವರ್ಜಿನ್ ದ್ವೀಪಗಳಲ್ಲಿ ರಾಕೋಸಿ ಎಂಬ ವಿಜ್ಞಾನಿ ಎಷ್ಟು ಮೀನಿನ ಮೇವಿಗೆ ಎಷ್ಟು ಗಿಡ ಎಂಬ ಲೆಕ್ಕವನ್ನು ವರ್ಷಗಟ್ಟಲೆ ಅಳೆದರು. 1990ರ ದಶಕದಲ್ಲಿ ಮಿಸ್ಸೌರಿ ಸೀಮೆಯ ಸ್ಪೆರಾನಿಯೊ ದಂಪತಿಗಳು ಮರಳಿನ ಬದಲು ಜಲ್ಲಿ ಹಾಕಿ, ಮನೆಯವರೇ ನಡೆಸುವಷ್ಟು ಸುಲಭ ಮಾಡಿದರು. 2010ರ ಹೊತ್ತಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಗಾಜಾ ಪಟ್ಟಿಯಲ್ಲಿ ಮನೆಗಳ ತಾರಸಿಯ ಮೇಲೆ ಇಂಥ ತೊಟ್ಟಿಗಳನ್ನು ಇಡಿಸಿತು. 2014ರಲ್ಲಿ ಸಣ್ಣ ಪ್ರಮಾಣದ ಅಕ್ವಾಪೋನಿಕ್ಸ್ ಕುರಿತು ಒಂದು ಕೈಪಿಡಿ ಹೊರತಂದಿತು. ಇದೇ ಕಾಲದಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದ ನೇಟ್ ಸ್ಟೋರಿ ಎಂಬುವರು ಪ್ಲಾಸ್ಟಿಕ್ ಕೊಳವೆಯನ್ನು ಉದ್ದಕ್ಕೆ ಸೀಳಿ, ಒಳಗೆ ನಾರಿನಂಥ ಪದಾರ್ಥ ತುಂಬಿ, ಮೀನಿನ ನೀರು ಇಳಿಯುವ ಕಂಬ ಮಾಡಿದರು.

ನೋಡಿ, ಸುತ್ತಿ ಸುತ್ತಿ ಮತ್ತೆ ಆ 1877ರ ಕೊಳವೆಗೇ ಬಂದೆವು! ಹಾಗಾಗಿ ಮೊದಲ ಪ್ರಶ್ನೆ ಕಂಬದ ಬೆಲೆಯಲ್ಲ, "ನೀರು ಪಳಗಿದೆಯೇ?" ಎಂಬುದು. ಕಂಬ ಎಂಥದಾದರೂ ಆದೀತು. ಅದರೊಳಗೆ ದುಡಿಯುವ ಸೂಕ್ಷ್ಮಜೀವಿ ಪೇಟೆಯಲ್ಲಿ ಕೊಂಡ ಕಂಬದ ಜೊತೆ ಬರುವುದಿಲ್ಲ. ಅವಸರಪಟ್ಟು ಮೊದಲ ದಿನವೇ ತೊಟ್ಟಿ ತುಂಬ ಮರಿ ಬಿಟ್ಟರೆ ಮೀನು ಸಾಯುತ್ತದೆ, ಹಾಕಿದ ದುಡ್ಡೂ ಹೋಗುತ್ತದೆ.

ಈಗ ಕೈಗೆಲಸದ ಮಾತು. ನಾಲ್ಕು ಅಂಗುಲದ ಪಿ.ವಿ.ಸಿ. ಕೊಳವೆ ಐದಡಿ ಉದ್ದಕ್ಕೆ ಕೊಯ್ದುಕೊಳ್ಳಿ. ಎಂಟೆಂಟು ಅಂಗುಲಕ್ಕೆ ಒಂದರಂತೆ, ಎಡಬಲ ಬದಲಿಸುತ್ತಾ, ಗರಗಸದಿಂದ ಅಡ್ಡ ಸೀಳು ಹಾಕಿ. ಸೀಳಿನ ಕೆಳಭಾಗವನ್ನು ಬಯಲಿನಲ್ಲಿ ಹದವಾಗಿ ಕಾಯಿಸಿ, ಮೆತ್ತಗಾದಾಗ ಗಾಜಿನ ಸೀಸೆ ಒತ್ತಿದರೆ ಬಾಯಿ ತೆರೆಯುತ್ತದೆ. ಕೊಳವೆಯನ್ನು ಸುಡಬೇಡಿ, ಅದರ ಹೊಗೆ ಕೆಟ್ಟದ್ದು. ಒಳಗೆ ತೊಳೆದ ಸಣ್ಣ ಜಲ್ಲಿ ಅಥವಾ ಹಳೆಯ ನೆರಳುಬಲೆಯ ತುಂಡು ತುಂಬಿ. ತೆಂಗಿನ ನಾರು ಅಗ್ಗವೇನೋ ಸರಿ, ಆದರೆ ಕೊಳೆತು ನೀರಿನ ದಾರಿ ಕಟ್ಟುತ್ತದೆ. ಕಂಬಕ್ಕಿಂತ ಮೊದಲು ನೀರು ಒಂದು ಡ್ರಮ್ಮಿನಲ್ಲಿ ತಂಗಿ, ಮೀನಿನ ಹಿಕ್ಕೆ ತಳದಲ್ಲಿ ನಿಲ್ಲಬೇಕು. ಆಮೇಲೆ ಒಂದು ಜಲ್ಲಿಯ ಪಾತಿ ಹಾಯ್ದು ಕಂಬಕ್ಕೆ ಹೋಗಬೇಕು. ಇಲ್ಲವಾದರೆ ಕಂಬ ಕಟ್ಟಿಕೊಳ್ಳುತ್ತದೆ. ಜಲ್ಲಿ ತುಂಬಿದ ಕಂಬ ಭಾರ. ಗೋಡೆಗೋ ಗೂಟಕ್ಕೋ ಭದ್ರವಾಗಿ ಬಿಗಿಯಿರಿ.

ಲೆಕ್ಕ ಹೀಗೆ. ಆರಾರು ಬಾಯಿಯ ನಾಲ್ಕು ಕಂಬವಾದರೆ ಇಪ್ಪತ್ತನಾಲ್ಕು ಗಿಡ, ಸುಮಾರು ಒಂದು ಚದರ ಮೀಟರ್ ಸೊಪ್ಪಿನ ಪಾತಿಗೆ ಸಮ. ಇದಕ್ಕೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಮೇವು ಸಾಕು. ಅಷ್ಟು ಮೇವು ತಿನ್ನಲು ಮೂರರಿಂದ ಐದು ಕಿಲೋ ತೂಕದ ಮೀನು ಇದ್ದರಾಯಿತು. ಸಾವಿರ ಲೀಟರಿಗೆ ಇಪ್ಪತ್ತು ಕಿಲೋ ಮೀನು ಮೀರಬಾರದು. ಆದ್ದರಿಂದ 300 ಲೀಟರಿನ ತೊಟ್ಟಿ ಸರಿಹೋಗುತ್ತದೆ. ಗೆಂಡೆ ಮೀನು ಹಾಕಬಹುದು. ಜಿಲೇಬಿ ಮೀನು ಹಾಕುವುದಾದರೆ ಮೊದಲು ಮೀನುಗಾರಿಕೆ ಇಲಾಖೆಯವರನ್ನು ಕೇಳಿ.

ನೀರು ಪಳಗಿಸುವ ಕ್ರಮವನ್ನೂ ಆ ಫ್ರೆಂಚ್ ಪಂಡಿತರೇ ಕಲಿಸಿದ್ದಾರೆ. ಅವರ ಕ್ಲೋರೋಫಾರಂ ಮಾಡಿದ ಕೆಲಸವನ್ನೇ ನಮ್ಮ ನಲ್ಲಿ ನೀರಿನ ಬ್ಲೀಚಿಂಗ್ ಪುಡಿ ಮಾಡುತ್ತದೆ. ಆದ್ದರಿಂದ ನೀರನ್ನು ಒಂದೆರಡು ದಿನ ಬಿಸಿಲಿಗೆ ತೆರೆದಿಟ್ಟು ಬಳಸಿ. ಅವರು ಮಣ್ಣು ಕದಡಿದ ನೀರು ಹೊಯ್ದಂತೆ, ನೀವು ಚೆನ್ನಾಗಿ ನಡೆಯುತ್ತಿರುವ ಮೀನುತೊಟ್ಟಿಯ ಒಂದು ಬೊಗಸೆ ಜಲ್ಲಿ ತಂದು ಸೇರಿಸಿ. ನಾಲ್ಕೈದು ಮರಿ ಮಾತ್ರ ಬಿಟ್ಟು, ಚಿಟಿಕೆ ಮೇವು ಹಾಕುತ್ತಾ ನಾಲ್ಕರಿಂದ ಆರು ವಾರ ಕಾಯಿರಿ. ಅಮೋನಿಯಾ ಪರೀಕ್ಷೆಯ ಸೀಸೆ ಅಲಂಕಾರಮೀನಿನ ಅಂಗಡಿಯಲ್ಲಿ ಸಿಗುತ್ತದೆ. ಕಂಬಕ್ಕೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಅದನ್ನು ಕೊಳ್ಳಿ. ಅಮೋನಿಯಾವೂ ನೈಟ್ರೈಟೂ ಇಳಿದ ಮೇಲೆಯೇ ಉಳಿದ ಮೀನು.

ಸುಣ್ಣಕಲ್ಲಿನ ಪುಡಿಗೂ ಅರ್ಥವುಂಟು. ಸೂಕ್ಷ್ಮಜೀವಿ ದುಡಿದಂತೆಲ್ಲ ನೀರು ಹುಳಿಯಾಗುತ್ತದೆ. ಕೊಳವೆಬಾವಿಯ ಗಡಸು ನೀರಿನವರಿಗೆ ಚಿಂತೆಯಿಲ್ಲ. ಮಳೆನೀರು ಬಳಸುವವರು ಕಪ್ಪೆಚಿಪ್ಪಿನ ಚೂರನ್ನು ಬಟ್ಟೆಗಂಟಿನಲ್ಲಿ ಕಟ್ಟಿ ತೊಟ್ಟಿಗೆ ಇಳಿಬಿಡಿ.

ಇನ್ನೊಂದು ಎಚ್ಚರಿಕೆ. ಕರೆಂಟು ಹೋಗಿ ಪಂಪು ನಿಂತರೆ ಕಂಬ ಒಣಗುತ್ತದೆ, ಮೀನಿಗೆ ಉಸಿರು ಕಟ್ಟುತ್ತದೆ. ಮೀನು ಕಡಿಮೆ ಇದ್ದಷ್ಟೂ ತಾಳುವ ಹೊತ್ತು ಹೆಚ್ಚು. ಅಂಥ ಹೊತ್ತಿನಲ್ಲಿ ಮನೆಯವರು ಚೊಂಬಿನಿಂದ ನೀರು ಎತ್ತಿ ಹೊಯ್ಯುತ್ತಿರಬೇಕು, ಮೇವು ಹಾಕಬಾರದು. ಗಿಡಕ್ಕೆ ಹುಳ ಬಿತ್ತೆಂದು ಔಷಧಿ ಸಿಂಪಡಿಸಲೇಬಾರದು. ಅದು ನೇರ ಮೀನಿಗೆ ಇಳಿಯುತ್ತದೆ.

ಈ ನಾಲ್ಕು ಕಂಬ ಹೊಲದ ಬೇಸಾಯಕ್ಕೆ ಬದಲಲ್ಲ. ದಂಟು, ಪಾಲಕ್, ಪುದೀನ, ಕೊತ್ತಂಬರಿಯಂಥ ಸೊಪ್ಪು, ಆಗೊಮ್ಮೆ ಈಗೊಮ್ಮೆ ನಾಲ್ಕು ಮೀನು, ಇಷ್ಟೇ ಇದರ ಫಲ. ಅಂಗೈಯಗಲ ಅಂಗಳದವರಿಗೆ ಅದು ಸಣ್ಣದಲ್ಲ. ಸಾಲ ಮಾಡಿ ಹತ್ತು ಕಂಬ ನಿಲ್ಲಿಸಬೇಡಿ. ಒಂದು ಕಂಬ ನಿಲ್ಲಿಸಿ, ನೀರು ಪಳಗಲಿ. ಎರಡನೆಯದರ ಮಾತು ಆಮೇಲೆ.