ಕ್ಲೋರಿನ್ ವಾಸನೆಯ ಹಿಂದಿನ ಕತೆ

ಮೊನ್ನೆ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗ್‌ನಲ್ಲಿ ಸಂಪಿನ ನೀರಿನದ್ದೇ ಜಗಳ. "ನಲ್ಲಿ ತಿರುಗಿಸಿದ್ರೆ ಸ್ವಿಮ್ಮಿಂಗ್ ಪೂಲ್ ವಾಸನೆ ಸಾರ್. ಕ್ಲೋರಿನ್‌ನಿಂದ ಕ್ಯಾನ್ಸರ್ ಬರುತ್ತಂತೆ. ಹಾಕೋದೇ ನಿಲ್ಲಿಸಿಬಿಡೋಣ" ಅಂದರು ಮೂರನೇ ಮಹಡಿಯವರು. ಕೈಯಲ್ಲಿ ವಾಟ್ಸಾಪ್ ಮೆಸೇಜು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಕತೆ ಶುರುವಾಗುವುದು ಅಮೆರಿಕದ ಜರ್ಸಿ ಸಿಟಿಯಲ್ಲಿ. ನೀರು ಕೊಡುತ್ತಿದ್ದ ಖಾಸಗಿ ಕಂಪನಿಯ ಮೇಲೆ ನಗರಾಡಳಿತ ಕೇಸು ಹಾಕಿತ್ತು, ನೀರು ಸದಾ ಶುದ್ಧವಾಗಿರುವುದಿಲ್ಲ ಅಂತ. ಕಂಪನಿಯ ಪರವಾಗಿದ್ದ ಡಾಕ್ಟರ್ ಜಾನ್ ಲೀಲ್, 1908ರ ಸೆಪ್ಟೆಂಬರ್ 26ರಂದು, ಯಾರ ಅನುಮತಿಯನ್ನೂ ಕೇಳದೆ ಬೂನ್‌ಟನ್ ಜಲಾಶಯದ ನೀರಿಗೆ ಅಳತೆ ಮಾಡಿ ಬ್ಲೀಚಿಂಗ್ ಪೌಡರ್ ಬೆರೆಸಲು ಶುರುಮಾಡಿದ. ಈ ನೀರನ್ನು ನಿಮ್ಮ ಹೆಂಡತಿ ಮಕ್ಕಳಿಗೆ ಕೊಡ್ತೀರಾ ಅಂತ ಕೋರ್ಟಿನಲ್ಲಿ ಕೇಳಿದ್ದಕ್ಕೆ, ಧಾರಾಳವಾಗಿ ಅಂದ. ಕೋರ್ಟೂ ಒಪ್ಪಿತು. ಕ್ಲೋರಿನ್ ಊರಿಂದೂರಿಗೆ ಹಬ್ಬಿತು, ಟೈಫಾಯ್ಡ್ ಇಳಿಯಿತು.

ಮುಂದಿನ ತಿರುವು ಬಂದದ್ದು ಹಾಲೆಂಡಿನಿಂದ. ರಾಟರ್‌ಡ್ಯಾಮಿನ ನೀರು ಸರಬರಾಜಿನಲ್ಲಿದ್ದ ಯೋಹಾನ್ಸ್ ರೂಕ್ ಮೊದಲು ಬಿಯರ್ ಉದ್ಯಮದಲ್ಲಿದ್ದ ರಸಾಯನಶಾಸ್ತ್ರಜ್ಞ. ಮುಚ್ಚಿದ ಬಾಟಲಿಯಲ್ಲಿ ಬಿಯರ್ ಮೇಲಿನ ಗಾಳಿಯನ್ನು ಎಳೆದು ಪರಿಮಳ ಪರೀಕ್ಷಿಸುವ ವಿಧಾನವನ್ನೇ ನೀರಿಗೂ ಹಚ್ಚಿದ. ಸಿಕ್ಕಿದ್ದು ಕ್ಲೋರೋಫಾರ್ಮ್! ನದಿಯಲ್ಲಿ ಇರದಿದ್ದದ್ದು ಕ್ಲೋರಿನ್ ಹಾಕಿದ ಮೇಲೆ ಹುಟ್ಟುತ್ತಿತ್ತು. ಕೊಳೆತ ಎಲೆ, ಗಿಡಗಳಿಂದ ನೀರಿಗೆ ಇಳಿದ ಕಂದು ಬಣ್ಣದ ಸಾವಯವ ವಸ್ತುವಿನ ಜತೆ ಕ್ಲೋರಿನ್ ಸೇರಿದರೆ ಟ್ರೈಹಾಲೋಮೀಥೇನ್‌ಗಳು ಆಗುತ್ತವೆ. ಅವುಗಳಲ್ಲೊಂದು ಕ್ಲೋರೋಫಾರ್ಮ್. ರೂಕ್ ಇದನ್ನು ಪ್ರಕಟಿಸಿದ್ದು 1974ರಲ್ಲಿ. ಅದೇ ವರ್ಷ ಅಮೆರಿಕದ ವಿಜ್ಞಾನಿಗಳೂ ಇದನ್ನೇ ಹೇಳಿದರು. 1976ರಲ್ಲಿ, ಹೆಚ್ಚು ಪ್ರಮಾಣದ ಕ್ಲೋರೋಫಾರ್ಮ್‌ನಿಂದ ಇಲಿಗಳಿಗೆ ಕ್ಯಾನ್ಸರ್ ಬಂದದ್ದು ವರದಿಯಾಯಿತು. 1979ರಲ್ಲಿ ಅಮೆರಿಕ ಲೀಟರಿಗೆ 100 ಮೈಕ್ರೋಗ್ರಾಂ ಮಿತಿ ಹಾಕಿತು. ಆಮೇಲೆ ಅದನ್ನು 80ಕ್ಕೆ ಇಳಿಸಿತು.

ಹಾಗಾದ್ರೆ ಮೂರನೇ ಮಹಡಿಯವರದ್ದು ಸರಿನಾ? ಅರ್ಧ ಸರಿ. ಅಪಾಯ ನಿಜ, ಆದರೆ ಅದು ವರ್ಷಗಟ್ಟಲೆ ಕುಡಿದಾಗಿನ ಸಣ್ಣ ಅಪಾಯ. ಕಾಲರಾ ಹಾಗಲ್ಲ, ಗಂಟೆಗಳ ಲೆಕ್ಕ. ನಮ್ಮೂರಲ್ಲಿ ವಾಂತಿಭೇದಿ ಬಂದ ವರ್ಷ ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿದದ್ದು ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ಮೂಗು ಮುಚ್ಚಿಕೊಂಡು ಬೈತಾ ಬೈತಾನೇ ಆ ನೀರು ಕುಡಿದಿದ್ದಳು.

ಕುಡಿಯುವ ನೀರಿಗೆ ನಮ್ಮ ಭಾರತೀಯ ಮಾನಕ ಹೇಳುವುದನ್ನು ನೋಡಿ: ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು, ಕ್ಲೋರೋಫಾರ್ಮ್ 0.2 ದಾಟಬಾರದು. ಒಂದೇ ಪಟ್ಟಿಯಲ್ಲಿ ಎರಡೂ ಇವೆ. ಎರಡನ್ನೂ ಪಾಲಿಸುವ ದಾರಿ ಎಂದರೆ ಮೊದಲು ನೀರಿನ ಕೊಳೆ ತೆಗೆಯುವುದು, ಆಮೇಲೆ ಬೇಕಾದಷ್ಟೇ ಕ್ಲೋರಿನ್ ಹಾಕುವುದು. ರೂಕ್‌ನ ದೇಶದವರು ಕ್ರಮೇಣ ಕ್ಲೋರಿನ್ ಬಿಟ್ಟದ್ದು ನಿಜ. ಆದರೆ ಒಳ್ಳೆಯ ಶೋಧನೆ, ಸೋರದ ಪೈಪುಗಳು ಇದ್ದದ್ದರಿಂದ ಬಿಟ್ಟರು. ನಮ್ಮ ಸಂಪಿಗೆ ಟ್ಯಾಂಕರ್ ನೀರು ಬೀಳುತ್ತೆ.

ಇಷ್ಟನ್ನೂ ಮೀಟಿಂಗ್‌ನಲ್ಲಿ ಹೇಳಿದೆ. ಸಂಪು ಕೊನೇ ಸಲ ತೊಳೆಸಿದ್ದು ಯಾವಾಗ ಅಂತ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂರನೇ ಮಹಡಿಯವರೇ ಬಾಯಿಬಿಟ್ಟರು: "ಸರಿ, ತೊಳೆಸೋಕೆ ಎಷ್ಟಾಗುತ್ತೆ?"