ಅಜ್ಜಿಗೆ ಸೂಲಗಿತ್ತಿ, ಅಕ್ಕನಿಗೆ ಸಿಸೇರಿಯನ್: ನಡುವೆ ಏನಾಯ್ತು?

ಇವತ್ತಿನ ಇತಿಹಾಸ ನಮ್ಮ ಮನೆಯಿಂದಲೇ ಶುರು.

ನಮ್ಮೂರು ಬೀದರ್ ಜಿಲ್ಲೆಯ ಚಿಟಗುಪ್ಪ. ಅಜ್ಜಿ ಆರು ಮಕ್ಕಳನ್ನ ಹೆತ್ತದ್ದು ಮನೆಯಲ್ಲೇ, ಸೂಲಗಿತ್ತಿ ಕೈಯಲ್ಲಿ. ಉಳಿದದ್ದು ನಾಲ್ಕು. ಅವ್ವ ನನ್ನನ್ನ ಹೆತ್ತದ್ದು ಆಸ್ಪತ್ರೆಯಲ್ಲಿ, ನಾರ್ಮಲ್. ಅಕ್ಕನಿಗೆ ಮೊದಲನೆಯದು ಸಿಸೇರಿಯನ್. ಈಗ ಎರಡನೆಯದಕ್ಕೆ ಏಳು ತಿಂಗಳು, ತವರಿಗೆ ಬಂದಿದ್ದಾಳೆ. ಮೊನ್ನೆ ಅಜ್ಜಿ ಕೇಳಿದಳು: "ಯವ್ವಾ, ಈಗಿನ ಹುಡುಗ್ಯಾರಿಗೆಲ್ಲ ಹೊಟ್ಟಿ ಕೊಯ್ಯೋದ್ಯಾಕ?"

ಅಜ್ಜಿ ಕಾಲದಲ್ಲಿ ಕಷ್ಟ ಉಲ್ಟಾ ಇತ್ತು. ಕೂಸು ಅಡ್ಡ ಬಂದರೆ ಆಪರೇಷನ್ ಮಾಡೋರೇ ಹತ್ತಿರ ಇರಲಿಲ್ಲ. 1948ರ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಭಾಗ, 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿದ ಮೇಲೂ ಆಸ್ಪತ್ರೆ ವಿಷಯದಲ್ಲಿ ಹಿಂದೆಯೇ ಉಳೀತು.

ಬದಲಾವಣೆ ಜೋರಾದದ್ದು ಈ ಶತಮಾನದಲ್ಲಿ. 2005ರಲ್ಲಿ ಜನನಿ ಸುರಕ್ಷಾ ಯೋಜನೆ, 2008ರಲ್ಲಿ 108 ಆಂಬುಲೆನ್ಸ್. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001–03ರಲ್ಲಿ 228 ಇತ್ತು. 2018–20ಕ್ಕೆ 69ಕ್ಕೆ ಇಳೀತು. ಇದರಲ್ಲಿ ಸಿಸೇರಿಯನ್ ಪಾಲೂ ಇದೆ. ಅದನ್ನ ಬೈಯೋ ಮುಂಚೆ ಇದು ನೆನಪಿರಲಿ.

ಆದರೆ ರಾಜ್ಯದಲ್ಲಿ ಸಿಸೇರಿಯನ್ 2015–16ರಲ್ಲಿ ನೂರಕ್ಕೆ 23.6 ಇದ್ದದ್ದು, ಮುಂದಿನ ಕುಟುಂಬ ಆರೋಗ್ಯ ಸಮೀಕ್ಷೆಗೆ 31.5 ಆಯ್ತು. ಇಡೀ ಊರು, ದೇಶದ ಲೆಕ್ಕದಲ್ಲಿ ಶೇ. 10 ದಾಟಿದ ಮೇಲೆ ಸಾವು ಇನ್ನಷ್ಟು ಕಮ್ಮಿ ಆಗೋದು ಕಾಣಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತ್ತು.

ಹಾಗಾದ್ರೆ ಯಾಕೆ ಏರ್ತಿದೆ? ಬಿಪಿ, ಸಕ್ಕರೆ ಕಾಯಿಲೆ, ತಡವಾದ ಬಸಿರು ಒಂದು ಕಡೆ. ನೋವಿನ ಭಯ, ಒಳ್ಳೆ ಮುಹೂರ್ತದ ಆಸೆ ಇನ್ನೊಂದು ಕಡೆ. ನಾರ್ಮಲ್ ಹೆರಿಗೆಗೆ ಗಂಟೆಗಟ್ಟಲೆ ಕಾಯಬೇಕು. ರಾತ್ರಿ ಅರಿವಳಿಕೆ ಡಾಕ್ಟರ್ ಸಿಗದ ಊರಲ್ಲಿ ಹಗಲೇ ಆಪರೇಷನ್ ಮುಗಿಸೋಣ ಅನ್ಸುತ್ತೆ. ಆಮೇಲೆ ದುಡ್ಡು. 2019–21ರಲ್ಲಿ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3 ಸಿಸೇರಿಯನ್, ಖಾಸಗಿಯಲ್ಲಿ ಶೇ. 47.4.

ಇಲ್ಲೇ ನಮ್ಮ ಜಿಲ್ಲೆಯ ಕಥೆ ಬರುತ್ತೆ. 2009ರ ಹೊತ್ತಿಗೆ ಬಂದ ತಾಯಿ ಭಾಗ್ಯ ಯೋಜನೆ ಮೊದಲು ತಲುಪಿದ ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು. ಬಡ ಹೆಣ್ಣುಮಕ್ಕಳಿಗೆ ಖಾಸಗಿ ಆಸ್ಪತ್ರೆಯಲ್ಲಿ ಉಚಿತ ಹೆರಿಗೆ. ಆಸ್ಪತ್ರೆಗೆ ಸರ್ಕಾರದಿಂದ 100 ಹೆರಿಗೆಗೆ 3 ಲಕ್ಷ ರೂಪಾಯಿ. ನಾರ್ಮಲ್ ಆದರೂ ಅಷ್ಟೇ, ಸಿಸೇರಿಯನ್ ಆದರೂ ಅಷ್ಟೇ. ಕೊಯ್ದರೆ ಹೆಚ್ಚು ದುಡ್ಡು ಅನ್ನೋ ಲೆಕ್ಕವನ್ನೇ ತೆಗೆಯೋ ಉಪಾಯ ಅದು. ಆದರೆ ತಜ್ಞ ಡಾಕ್ಟರ್, ಆಪರೇಷನ್ ಥಿಯೇಟರ್ ಇರೋ ಆಸ್ಪತ್ರೆಯೇ ಕಮ್ಮಿ ಇರೋ ಕಡೆ ಇಂಥ ಉಪಾಯಕ್ಕೂ ಮಿತಿ ಇರುತ್ತೆ.

ಅಕ್ಕನ ವಿಷಯಕ್ಕೆ ಬರ್ತೀನಿ. ಸಿಸೇರಿಯನ್ ಏರೋಕೆ ದೊಡ್ಡ ಕಾರಣ ಹಿಂದಿನ ಸಿಸೇರಿಯನ್ನೇ. ಒಮ್ಮೆ ಆದರೆ ಎರಡನೆಯದೂ ಅದೇ ಅಂತ ಮನೆಯವರೇ ತೀರ್ಮಾನ ಮಾಡಿಬಿಡ್ತಾರೆ. ಹಾಗೇನಿಲ್ಲ. ಮೊದಲ ಗಾಯ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಇದ್ದು, ತಕ್ಷಣ ಆಪರೇಷನ್ ಮಾಡೋ ವ್ಯವಸ್ಥೆ ಇದ್ದರೆ ಹಲವರಿಗೆ ನಾರ್ಮಲ್ ಆಗುತ್ತೆ. ಗಾಯ ಬಿಚ್ಚಿಕೊಳ್ಳೋ ಸಣ್ಣ ಅಪಾಯವೂ ಇದೆ. ಅದಕ್ಕೇ ಇದು ಮನೆಯಲ್ಲಿ ಪ್ರಯತ್ನಿಸೋದಲ್ಲ.

ಮುಂದಿನ ಚೆಕಪ್‌ಗೆ ತಾಯಿ ಕಾರ್ಡ್ ಜೊತೆ ಹಳೇ ಡಿಸ್ಚಾರ್ಜ್ ಚೀಟಿನೂ ಒಯ್ತೀವಿ. ಅವತ್ತು ಯಾಕೆ ಆಪರೇಷನ್ ಮಾಡಿದ್ರು ಅಂತ ನಮ್ಮ ಮನೆಯಲ್ಲಿ ಇದುವರೆಗೂ ಯಾರೂ ಕೇಳಿಲ್ಲ. ಈ ಸಲ ಅಕ್ಕನೇ ಕೇಳ್ತಾಳಂತೆ. ಜೊತೆಗೆ ಅಜ್ಜಿನೂ ಬರ್ತಾಳಂತೆ.

ನಿಮ್ಮ ಮನೆಯಲ್ಲೂ ಆ ಚೀಟಿ ಇದ್ದರೆ ಎಸೀಬೇಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.