ಮುಟ್ಟದೆ ಬಿಡುವ ಕವಲು: ಫಂಕ್ಷನಲ್ ಭಾಷೆಗಳಲ್ಲಿ 'ಇಫ್' ವಿನ್ಯಾಸ

'ಇಫ್' ಎರಡರಲ್ಲೊಂದನ್ನು ಆರಿಸುತ್ತದೆ ಎಂದು ಹೇಳಿ ಮುಗಿಸುವುದು ರೂಢಿ. ಆರಿಸದ ಕವಲಿನ ಲೆಕ್ಕಕ್ಕೇ ಕೈಹಾಕದಿರುವುದು ಅದರ ಅಸಲು ಕೆಲಸ ಎಂಬುದು ನನ್ನ ವಾದ.

1957–58ರ ಸುಮಾರಿಗೆ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಚೆಸ್ ನಡೆಗಳ ಪ್ರೋಗ್ರಾಮನ್ನು ಐಬಿಎಂ 704 ಯಂತ್ರಕ್ಕಾಗಿ ಫೋರ್ಟ್ರಾನ್‌ನಲ್ಲಿ ಬರೆಯುತ್ತಿದ್ದರು. ಆ ಭಾಷೆಯ ಇಫ್, ಸಂಖ್ಯೆಯ ಚಿಹ್ನೆ ನೋಡಿ ಬೇರೊಂದು ಸಾಲಿಗೆ ಜಿಗಿಯುತ್ತಿತ್ತೇ ಹೊರತು ತಾನಾಗಿ ಯಾವ ಬೆಲೆಯನ್ನೂ ಕೊಡುತ್ತಿರಲಿಲ್ಲ. ಮೆಕಾರ್ಥಿ 'ಎಕ್ಸ್‌ಐಎಫ್' ಎಂಬ ಫಂಕ್ಷನ್ ಕಟ್ಟಿಕೊಂಡರು. ಮೊದಲ ಆರ್ಗ್ಯುಮೆಂಟ್ ಸೊನ್ನೆಯೋ ಅಲ್ಲವೋ ಎಂಬುದರ ಮೇಲೆ ಎರಡನೆಯದೋ ಮೂರನೆಯದೋ ಉತ್ತರವಾಗುತ್ತಿತ್ತು. ಪ್ರೋಗ್ರಾಮುಗಳು ಚಿಕ್ಕವಾದವು, ಓದಲು ಸಲೀಸಾದವು. ಆದರೂ ಅದನ್ನು ಮಿತವಾಗಿಯೇ ಬಳಸಬೇಕಿತ್ತು. ಎಲ್ಲ ಫಂಕ್ಷನ್‌ಗಳಂತೆ ಅದಕ್ಕೂ ಮೂರೂ ಆರ್ಗ್ಯುಮೆಂಟ್‌ಗಳ ಲೆಕ್ಕ ಮೊದಲೇ ಮುಗಿದಿರಬೇಕಿತ್ತು.

ಇದರ ಪರಿಣಾಮವೇನೆಂದು ಹಾಳೆಯ ಮೇಲೆ ಬರೆದು ನೋಡಬಹುದು. 'ಎನ್ ಸೊನ್ನೆಯಾದರೆ 1, ಇಲ್ಲದಿದ್ದರೆ ಎನ್ ಅನ್ನು ಅದರ ಹಿಂದಿನ ಸಂಖ್ಯೆಯ ಫ್ಯಾಕ್ಟೋರಿಯಲ್‌ನಿಂದ ಗುಣಿಸು' ಎಂಬುದನ್ನು ಇಂಥ ಫಂಕ್ಷನ್ನಿನಿಂದ ಬರೆದೆವೆನ್ನಿ. ಸೊನ್ನೆಯ ಫ್ಯಾಕ್ಟೋರಿಯಲ್ ಕೇಳಿದರೆ ಉತ್ತರವಾದ 1 ಕಣ್ಣೆದುರೇ ಇದೆ. ಆದರೆ ಮೂರನೆಯ ಆರ್ಗ್ಯುಮೆಂಟ್ −1ರ ಫ್ಯಾಕ್ಟೋರಿಯಲ್ ಕೇಳುತ್ತದೆ. ಅದು −2ರದನ್ನು, ಅದು −3ರದನ್ನು. ಈ ಇಳಿತಕ್ಕೆ ತಳವೇ ಇಲ್ಲ. 1960ರ ಲಿಸ್ಪ್ ಪ್ರಬಂಧದಲ್ಲಿ ಮೆಕಾರ್ಥಿ ಕೊಟ್ಟ ನಿಯಮ ಇದಕ್ಕೆ ತಡೆಯೊಡ್ಡಿತು: ಷರತ್ತುಗಳನ್ನು ಎಡದಿಂದ ನೋಡುತ್ತ ಹೋಗಬೇಕು, ಮೊದಲು ನಿಜವಾದುದರ ಎದುರಿನ ಬೆಲೆಯನ್ನಷ್ಟೇ ಲೆಕ್ಕ ಹಾಕಬೇಕು. ರಿಕರ್ಶನ್ ನಿಂತಿರುವುದು ಈ ಸಂಯಮದ ಮೇಲೆ.

ಹ್ಯಾಸ್ಕೆಲ್‌ನಲ್ಲಿ ಬೇಕಾಗುವವರೆಗೆ ಯಾವ ಆರ್ಗ್ಯುಮೆಂಟಿನ ಲೆಕ್ಕವೂ ನಡೆಯದು. ಹಾಗಾಗಿ ಅಲ್ಲಿ ಇಫ್‌ನ ಕೆಲಸವನ್ನು ಯಾರು ಬೇಕಾದರೂ ಮಾಮೂಲಿ ಫಂಕ್ಷನ್ ಆಗಿ ಬರೆದುಕೊಳ್ಳಬಹುದು. ಮೊದಲೇ ಲೆಕ್ಕ ಹಾಕುವ ಓಕ್ಯಾಮಲ್‌ನಂಥ ಭಾಷೆಯಲ್ಲಿ ಅದಕ್ಕೆ ವ್ಯಾಕರಣದಲ್ಲೇ ಪ್ರತ್ಯೇಕ ಜಾಗ ಬೇಕು.

ಇನ್ನು 'ಎಲ್ಸ್' ಬಿಟ್ಟರೇನಾಗಬೇಕು? ಬೆಲೆ ಕೊಡಬೇಕಾದ ಎಕ್ಸ್‌ಪ್ರೆಶನ್ ಒಂದು ದಾರಿಯಲ್ಲಿ ಬರಿಗೈಯಲ್ಲಿ ಮರಳುವಂತಿಲ್ಲ. ಹ್ಯಾಸ್ಕೆಲ್ ಎಲ್ಸ್ ಅನ್ನು ಕಡ್ಡಾಯ ಮಾಡಿ, ಎರಡೂ ಕವಲುಗಳ ಟೈಪ್ ಒಂದೇ ಇರಬೇಕೆನ್ನುತ್ತದೆ. ಓಕ್ಯಾಮಲ್‌ನಲ್ಲಿ ಬಿಟ್ಟ ಎಲ್ಸ್ ಎಂದರೆ 'ಯೂನಿಟ್', ಅಂದರೆ ಹೇಳಲು ಏನೂ ಇಲ್ಲವೆಂಬುದನ್ನು ಸೂಚಿಸುವ ಬೆಲೆ. ಎಲ್ಸ್ ಇಲ್ಲದ ಇಫ್‌ನಿಂದ 5 ಕೊಡಹೊರಟರೆ ಕಂಪೈಲರ್ ಒಪ್ಪುವುದಿಲ್ಲ. ಸ್ಕೀಮ್‌ನಲ್ಲಿ ಎಲ್ಸ್ ಬಿಟ್ಟಿದ್ದು ಷರತ್ತು ಸುಳ್ಳಾದಾಗ ಬರುವ ಬೆಲೆ ಅನಿರ್ದಿಷ್ಟ. ಬರೆದವನ ಮರೆವನ್ನು ಭಾಷೆಯೇ ಮುಚ್ಚಿಡುವ ಈ ಸಡಿಲು ನನಗೆ ಒಪ್ಪಿಗೆಯಿಲ್ಲ. ಸ್ಕೀಮ್ ಮನೆತನದ್ದೇ ಆದ ರಾಕೆಟ್ ಅದನ್ನು ತಿದ್ದಿದೆ: ಎಲ್ಸ್ ಕವಲಿಲ್ಲದ ಇಫ್ ಅಲ್ಲಿ ತಪ್ಪು, ಪರಿಣಾಮಕ್ಕಾಗಿಯೇ ಬರೆಯುವ ಒಂಟಿ ಕವಲಿಗೆ 'ವೆನ್', 'ಅನ್‌ಲೆಸ್' ಬೇರೆಯೇ ಇವೆ.